ಮೂರನೇ ಮೆಟ್ಟಿಲಿನ ನಲವತ್ತೇಳು

ಬೆಳಗ್ಗೆ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ ಅವಳು ಕಾಲುವೆ ದಂಡೆಯ ಹಳೆಯ ಪಂಪ್‌ಹೌಸಿನ ಮೆಟ್ಟಿಲ ಮೇಲೆ ಬೋರಲು ಮಲಗಿ, ಎಡಗೆನ್ನೆಯನ್ನು ಕಲ್ಲಿಗೆ ಒತ್ತಿಕೊಂಡು, ಅಂಗೈಯಗಲದ ಒಂದು ಹಿತ್ತಾಳೆ ಬಿಲ್ಲೆಯನ್ನು ನೋಡುತ್ತಿದ್ದಳು. ಆ ಹೊತ್ತನ್ನು ಅವಳು ಸುಮ್ಮನೆ ಆರಿಸಿಕೊಂಡಿರಲಿಲ್ಲ. ಕಾಲುವೆಯ ಮೇಲೆ ಹಾಯ್ದು ಬರುವ ಎಳೆಬಿಸಿಲು ಆ ಮೂರನೇ ಮೆಟ್ಟಿಲನ್ನು ಬದಿಯಿಂದ ಸವರುವುದು ದಿನಕ್ಕೆ ಒಂಬತ್ತು ನಿಮಿಷ ಮಾತ್ರ. ಹಿಂದಿನ ಎರಡು ದಿನ ಬಂದು ಗಡಿಯಾರ ನೋಡಿ ಗುರುತು ಹಾಕಿಕೊಂಡಿದ್ದಳು. ಕೈಗಡಿಯಾರವನ್ನೂ ಮೊಬೈಲನ್ನೂ ಜೊತೆಗಿಟ್ಟು ನೋಡಿದ್ದಳು. ಒಂದೇ ಗಡಿಯಾರವನ್ನು ನಂಬುವ ಜಾಯಮಾನ ಅವಳದಲ್ಲ.

"ಮೇಡಂ, ಬೀದಿಯೋರೆಲ್ಲ ನೋಡ್ತಾ ಇದಾರೆ," ಎಂದ ಪಕ್ಕದಲ್ಲಿ ನಿಂತಿದ್ದ ಕಂಬಣ್ಣ. "ತಲೆ ಸುತ್ತಿ ಬಿದ್ರು ಅಂತ ಯಾರಾದ್ರೂ ನೀರು ತಗೊಂಡು ಓಡಿ ಬಂದ್ರೆ?"

"ಬಂದ್ರೆ ನೀನು ಕುಡಿ. ಬಿಸಿಲಿಗೆ ಅಡ್ಡ ನಿಲ್ಲಬೇಡ."

ಅವಳು ಸರ್ವೆ ಕಚೇರಿಯ ಲೆವೆಲರ್. ಒಂದು ಜಾಗ ಇನ್ನೊಂದಕ್ಕಿಂತ ಎಷ್ಟು ಎತ್ತರ, ಎಷ್ಟು ತಗ್ಗು ಎಂದು ಮಿಲಿಮೀಟರಿನ ಲೆಕ್ಕದಲ್ಲಿ ಹೇಳುವುದು ಕೆಲಸ. ಕಂಬಣ್ಣ ಇಪ್ಪತ್ತಾರು ವರ್ಷಗಳಿಂದ ಅವಳ ಅಳತೆಗೋಲು ಹಿಡಿಯುವವನು. ಕೋಲು ಹಿಡಿದು ನಿಂತರೆ ಮೂಗಿನ ಮೇಲೆ ನೊಣ ಕೂತರೂ ಅಲುಗುತ್ತಿರಲಿಲ್ಲವಾದ್ದರಿಂದ ಆ ಹೆಸರು. ಅವಳಿಗೂ ಕಚೇರಿ ಒಂದು ಹೆಸರು ಇಟ್ಟಿತ್ತು: ಅನುಮಾನಕ್ಕ. ಬೆನ್ನ ಹಿಂದಲ್ಲ, ಮುಖದ ಮೇಲೇ ಹಾಗೆ ಕರೆಯುತ್ತಿದ್ದರು. ಅವಳಿಗೆ ಬೇಸರವೇನಿರಲಿಲ್ಲ. ಬೆನ್ನ ಹಿಂದೆ ಬೇರೆ ಏನಾದರೂ ಕರೆಯುತ್ತಾರೇನೋ ಎಂಬ ಅನುಮಾನವಷ್ಟೇ ಇತ್ತು.

ವಯಸ್ಸು ಐವತ್ತಾರು. ಭೌತವಿಜ್ಞಾನದಲ್ಲಿ ಪದವಿ, ಮೂವತ್ತೊಂದು ವರ್ಷದ ಸರ್ವಿಸು. ತರಕಾರಿಗೆ ಹೋದರೆ ಕೈಚೀಲದಲ್ಲಿ ಅರ್ಧ ಕಿಲೋದ ಒಂದು ತೂಕದ ಬೊಟ್ಟು ಇಟ್ಟುಕೊಂಡೇ ಹೋಗುವವಳು. ಅಂಗಡಿಯವನ ತಕ್ಕಡಿಯ ಮೇಲೆ ಮೊದಲು ಅದನ್ನಿಟ್ಟು ನೋಡಿ, ಆಮೇಲೆ ಬದನೆಕಾಯಿ ಮುಟ್ಟುವವಳು. ಮನೆಗೆ ಬೀಗ ಹಾಕಿ ಎರಡು ಸಲ ಜಗ್ಗಿ, ಬೀದಿಯ ತುದಿಯವರೆಗೆ ಹೋಗಿ, ಮತ್ತೆ ಬಂದು ಮೂರನೇ ಸಲ ಜಗ್ಗುವವಳು. ಮದುವೆಯಾಗಿರಲಿಲ್ಲ. ಅದಕ್ಕೆ ಅವಳ ತಂಗಿ ಹೇಳುತ್ತಿದ್ದ ಕಾರಣ ಬೇರೆ: "ನಮ್ಮಕ್ಕ ಗಂಡಿನ ಕಡೆಯೋರು ಹೇಳಿದ್ದನ್ನೆಲ್ಲ ಆ ಕಡೆಯಿಂದ ಒಂದ್ಸಲ, ಈ ಕಡೆಯಿಂದ ಒಂದ್ಸಲ ಅಳೀಬೇಕು ಅಂತ ಕೂತ್ಲು. ಅವರು ಒಂದೇ ಕಡೆಯಿಂದ ಎದ್ದು ಹೋದ್ರು."

ಆ ತಂಗಿಯ ಮನೆ ಇದ್ದದ್ದು ಇದೇ ಕಾಲುವೆ ಬೀದಿಯಲ್ಲಿ, ಹತ್ತೊಂಬತ್ತನೇ ನಂಬರು. ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ಮೂರು ವರ್ಷದ ಹಿಂದೆ ಕಾಲುವೆ ಉಕ್ಕಿ ಬೀದಿಯೊಳಗೆ ಮೊಣಕಾಲುದ್ದ ನೀರು ನಿಂತಿತ್ತು. ಆಮೇಲೆ ನಗರದವರು ಒಂದು ನೆರೆಯ ಗೆರೆ ನಿಗದಿ ಮಾಡಿದರು: ಸಮುದ್ರಮಟ್ಟದಿಂದ ಹನ್ನೊಂದು ಮೀಟರ್ ತೊಂಬತ್ತು ಸೆಂಟಿಮೀಟರ್. ಯಾವ ಮನೆಯ ಹೊಸ್ತಿಲು ಈ ಗೆರೆಗಿಂತ ಕೆಳಗಿದೆಯೋ ಅದು ತೆರವಿನ ಪಟ್ಟಿಗೆ. ಅಳೆಯುವ ಕೆಲಸ ಒಂದು ಖಾಸಗಿ ಕಂಪನಿಗೆ ಹೋಯಿತು. ಕಂಪನಿಯ ಎಂಜಿನಿಯರು ಪಂಪ್‌ಹೌಸಿನ ಮೆಟ್ಟಿಲ ಮೇಲಿನ ಗಾರೆ ಕೆರೆದಾಗ ಈ ಹಿತ್ತಾಳೆ ಬಿಲ್ಲೆ ಸಿಕ್ಕಿತು. ಅಂಚಿನಲ್ಲಿ ಸರ್ವೆ ಇಲಾಖೆಯ ಹೆಸರು, ನಡುವೆ ಕೈಯಿಂದ ಉಳಿ ಹೊಡೆದು ಮೂಡಿಸಿದ ಅಂಕಿಗಳು: 47, ಅದರ ಕೆಳಗೆ 1963. ಇಲಾಖೆಯ ಹಳೆಯ ರಿಜಿಸ್ಟರಿನಲ್ಲಿ ನಲವತ್ತೇಳನೇ ಬೆಂಚ್‌ಮಾರ್ಕಿನ ಎತ್ತರ ಇತ್ತು: 12.618 ಮೀಟರ್. ಎತ್ತರ ಗೊತ್ತಿರುವ ಇಂಥ ಒಂದು ಗುರುತು ಸಿಕ್ಕರೆ ಅಲ್ಲಿಂದ ಸುತ್ತಲಿನ ಎಲ್ಲದರ ಎತ್ತರ ತೆಗೆಯಬಹುದು. ಎಂಜಿನಿಯರು ತೆಗೆದ. ಇಪ್ಪತ್ತಮೂರು ಮನೆಗಳಲ್ಲಿ ಇಪ್ಪತ್ತಮೂರೂ ಗೆರೆಯ ಕೆಳಗೆ.

ವರದಿ ಪರಿಶೀಲನೆಗೆಂದು ಕಚೇರಿಗೆ ಬಂದು ಅನುಮಾನಕ್ಕನ ಮೇಜಿನ ಮೇಲೆ ಬಿತ್ತು. ಅವಳು ಮೊದಲು ಮಾಡಿದ ಕೆಲಸ, "ಈ ಬೀದಿಯ ಹತ್ತೊಂಬತ್ತನೇ ಮನೆ ನನ್ನ ಒಡಹುಟ್ಟಿದ ತಂಗಿಯದು" ಎಂದು ಬರೆದು ಸಾಹೇಬರಿಗೆ ಕೊಟ್ಟದ್ದು. ಎರಡನೆಯದು, ಒಂದೂವರೆ ಕಿಲೋಮೀಟರ್ ಆಚೆ ಸೇತುವೆಯ ಕಟ್ಟೆಯಲ್ಲಿದ್ದ ನಲವತ್ತಾರನೇ ಬೆಂಚ್‌ಮಾರ್ಕಿನಿಂದ ಹೊರಟು ಮೆಟ್ಟಿಲಿನ ಬಿಲ್ಲೆಯವರೆಗೆ ಹಂತ ಹಂತವಾಗಿ ಎತ್ತರ ಅಳೆಯುತ್ತ ತಾನೇ ಮಟ್ಟ ನಡೆಸಿಕೊಂಡು ಬಂದದ್ದು. ಎರಡಕ್ಕೂ ತಾಳೆಯೇ ಇಲ್ಲ. ನಲವತ್ತಾರನ್ನು ನಂಬಿದರೆ ಮೆಟ್ಟಿಲು 378 ಮಿಲಿಮೀಟರ್ ಹೆಚ್ಚು ಎತ್ತರದಲ್ಲಿರಬೇಕು. ಹತ್ತಿರ ಹತ್ತಿರ ಒಂದೂಕಾಲು ಅಡಿ. ಅಷ್ಟು ಸಿಕ್ಕರೆ ಬೀದಿ ಉಳಿಯುತ್ತದೆ.

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟವರಲ್ಲ, ಆದರೆ ಅವರೂ ಇಲಾಖೆಯಲ್ಲೇ ತಲೆ ನರೆಸಿಕೊಂಡವರು.

"ನೋಡಿಮ್ಮ, ಸೇತುವೆ ಎರಡು ಸಲ ರಿಪೇರಿ ಆಗಿದೆ. ನಲವತ್ತಾರೇ ಅಲುಗಿರಬಾರದು ಯಾಕೆ? ಒಂದು ಹೌದು ಅನ್ನತ್ತೆ, ಒಂದು ಅಲ್ಲ ಅನ್ನತ್ತೆ. ನೀವು ತಂಗಿ ಮನೆ ಉಳಿಸೋ ಗುರುತನ್ನ ನಂಬ್ತೀನಿ ಅಂದ್ರೆ ಜನ ಏನಂತಾರೆ?"

"ನಾನೇ ಅದನ್ನ ಮೊದಲು ಅನ್ಕೊಂಡೆ ಸಾರ್."

"ನಲವತ್ತೇಳರ ವಿವರದ ಹಾಳೆ?"

"ಇಲ್ಲ. ಆ ಕಟ್ಟಿನ ನಲವತ್ತರಿಂದ ಐವತ್ತೆರಡು ಗೆದ್ದಲ ಹೊಟ್ಟೆಗೆ ಹೋಗಿದೆ. ಎಲ್ಲಿ ನೆಟ್ಟಿದ್ರು, ಯಾವ ಕಟ್ಟಡ, ಏನೂ ಇಲ್ಲ. ರಿಜಿಸ್ಟರಲ್ಲಿ ಎತ್ತರ ಒಂದು ಸಾಲು, ಅಷ್ಟೇ."

"ಹಾಗಾದ್ರೆ ಆ ಮೆಟ್ಟಿಲ ಮೇಲೆ ಇರೋದು ಏನು ಅಂತ ಹುಡುಕಿ ಹೇಳಿ. ಇಪ್ಪತ್ತೆರಡನೇ ತಾರೀಕು ಸಮಿತಿ ಕೂರತ್ತೆ. ಮತ್ತೆ ಒಂದು ಮಾತು. ನೀವೊಬ್ಬರೇ ಹೋಗಬೇಡಿ. ಕಂಪನಿಯ ಎಂಜಿನಿಯರನ್ನ ಜೊತೆಗೆ ಕರ್ಕೊಳ್ಳಿ. ನೀವು ಓದಿದ್ದನ್ನ ಅವರೂ ಓದಲಿ, ಅವರದೇ ಪುಸ್ತಕದಲ್ಲಿ ಬರ್ಕೊಳ್ಳಲಿ."

ಅದು ಅವಮಾನದ ಮಾತು ಎಂದು ಕಂಬಣ್ಣ ಆಮೇಲೆ ಕಿಡಿಕಾರಿದ. ಅವಳಿಗೆ ಮಾತ್ರ, ಮೂವತ್ತೊಂದು ವರ್ಷದಲ್ಲಿ ಕಚೇರಿ ಹೊರಡಿಸಿದ ಆದೇಶಗಳಲ್ಲಿ ಬುದ್ಧಿವಂತಿಕೆಯದ್ದು ಇದೊಂದೇ ಅನ್ನಿಸಿತು.

ಆದರೆ ಎಂಜಿನಿಯರಿನ ಮೇಲೂ ಅವಳಿಗೆ ಅನುಮಾನವಿತ್ತು. ಬಿಲ್ಲೆಯ ಸುತ್ತ ಹೊಸ ಸಿಮೆಂಟಿತ್ತು. ಉಗುರಿನಿಂದ ಕೆರೆದು, ಮೂಸಿ, ಕರವಸ್ತ್ರದಲ್ಲಿ ಚೂರು ಕಟ್ಟಿಟ್ಟುಕೊಂಡಿದ್ದಳು. ಬೇರೆಲ್ಲಿಂದಲೋ ಕಿತ್ತು ತಂದ ಬಿಲ್ಲೆಯನ್ನು ಇಲ್ಲಿ ಕೂರಿಸಿರಬಾರದೇಕೆ? ಬೀದಿ ತೆರವಾದರೆ ದಂಡೆಯ ಗೋಡೆ ಕಟ್ಟುವ ಕೆಲಸವೂ ಇದೇ ಕಂಪನಿಗೆ ಸಿಗುತ್ತದೆಂದು ಬೀದಿಯ ಮಾತು.

ಆ ಬೆಳಗ್ಗೆ ಆರು ನಲವತ್ತೈದಕ್ಕೆ ಅವನೂ ಮೆಟ್ಟಿಲ ಬಳಿ ಬಂದ. ಮೂವತ್ತರ ಆಸುಪಾಸಿನವನು, ಇಸ್ತ್ರಿಯ ಅಂಗಿ, ಕೈಯಲ್ಲಿ ಟೀ ಲೋಟ.

"ಈ ಸಿಮೆಂಟು ಯಾರದು?" ಮಲಗಿದ್ದಲ್ಲಿಂದಲೇ ಕೇಳಿದಳು.

"ನಮ್ಮದೇ ಮೇಡಂ. ಕೆರೆಯುವಾಗ ಅಂಚು ಒಡೀತು, ಬಿಲ್ಲೆ ಸಡಿಲ ಆಗಬಾರದು ಅಂತ ಮೆತ್ತಿಸಿದೆ. ಮೆತ್ತೋಕೆ ಮುಂಚೆ, ಮೆತ್ತಿದ ಮೇಲೆ, ಎರಡೂ ಫೋಟೋ ಇದೆ. ಬೇಕಾ?"

"ಬೇಕು."

ಫೋಟೋ ನೋಡಿದಳು. ಹಳೆಯ ಸುಣ್ಣದ ಗಾರೆ ಬಿಲ್ಲೆಯ ಅರ್ಧ ಸುತ್ತನ್ನು ಕಚ್ಚಿ ಹಿಡಿದಿತ್ತು. ಆ ಗಾರೆಯನ್ನು ಯಾರೂ ಹೋದ ತಿಂಗಳು ಕಲಸಿರಲಾರರು. ಒಂದು ಅನುಮಾನ ಬಗೆಹರಿಯಿತು. ಅದರ ಜಾಗದಲ್ಲಿ ಇನ್ನೊಂದು ಹುಟ್ಟಿತು. ಇಷ್ಟು ಸರಾಗವಾಗಿ ಫೋಟೋ ತೋರಿಸುತ್ತಿದ್ದಾನಲ್ಲ, ಯಾಕೆ?

"ಬಿಲ್ಲೆ ನಡುವೆ ಗುಬುಟು ಇಲ್ಲ, ನೋಡಿದ್ರಾ?" ಎಂದಳು. ಬೆಂಚ್‌ಮಾರ್ಕಿನ ಬಿಲ್ಲೆಗೆ ನಡುವೆ ಅರ್ಧ ನೆಲ್ಲಿಕಾಯಿಯಂಥ ಒಂದು ಉಬ್ಬು ಇರುತ್ತದೆ. ಅಳತೆಗೋಲು ಕೂರುವುದು ಅದರ ನೆತ್ತಿಯ ಮೇಲೆ.

"ಗಾರೆ ಮುಚ್ಚೋಕೆ ಮುಂಚೆ ಎಷ್ಟೋ ವರ್ಷ ಜನ ಓಡಾಡಿದಾರೆ ಮೇಡಂ. ಸವೆದಿರತ್ತೆ. ಅದಕ್ಕೆ ನಾನು ಆರು ಮಿಲಿಮೀಟರ್ ಸೇರಿಸಬೇಕೋ ಬೇಡವೋ ಅಂತ ಯೋಚನೆ ಮಾಡಿ ಬಿಟ್ಟೆ."

"ಬನ್ನಿ. ಇಲ್ಲಿ ಮಲಗಿ."

"ಆಂ?"

"ಮಲಗಿ ಅಂದೆ. ಇನ್ನು ನಾಲ್ಕು ನಿಮಿಷ ಇದೆ ಬಿಸಿಲು."

ಅವನು ತನ್ನ ಅಂಗಿಯನ್ನೊಮ್ಮೆ, ಮೆಟ್ಟಿಲನ್ನೊಮ್ಮೆ ನೋಡಿದ. ಕಂಬಣ್ಣ ಭಾರೀ ಮರ್ಯಾದೆಯಿಂದ ಟೀ ಲೋಟ ಇಸಿದುಕೊಂಡ. ಎಂಜಿನಿಯರು ಮಲಗಿದ.

ಅಡ್ಡಬಿಸಿಲಿನಲ್ಲಿ, ಮೇಲಿನಿಂದ ನುಣ್ಣಗೆ ಕಾಣುತ್ತಿದ್ದ ಹಿತ್ತಾಳೆ ಗದ್ದೆಯ ಹಾಗೆ ಏರುತಗ್ಗಾಗಿತ್ತು. 47 ಎದ್ದು ಕಾಣುತ್ತಿತ್ತು, 1963 ಕೂಡ. ಅವೆರಡರ ನಡುವೆ, ಅಂಚಿನಿಂದ ಅಂಚಿಗೆ, ಕೂದಲೆಳೆಯಂಥ ಒಂದು ನೆರಳು ಹಾದುಹೋಗಿತ್ತು. ಅದರ ಒಂದು ತುದಿಯಲ್ಲಿ ಎರಡು ಗಿಡ್ಡ ಗೆರೆಗಳು ಕೂಡಿಕೊಂಡಿದ್ದವು.

"ಬಾಣ," ಎಂದ ಎಂಜಿನಿಯರು.

"ಎಲ್ಲಿ ಹಾದುಹೋಗಿದೆ ಅದು?"

"ನಡು ಮಧ್ಯದಲ್ಲಿ." ಬೆರಳ ತುದಿಯಿಂದ ಗೆರೆಯನ್ನು ಸವರಿ ನೋಡಿದ. "ಗುಬುಟು ಇದ್ದಿದ್ರೆ ಅದರ ಮೇಲೆ ನೇರ ಗೆರೆ ಹೊಡೆಯೋಕಾಗಲ್ಲ. ಅಂದ್ರೆ ಗುಬುಟು ಸವೆದಿದ್ದಲ್ಲ. ಇರಲೇ ಇಲ್ಲ."

ಅವಳು ಎದ್ದು ಕೂತು ಸೀರೆಯ ಧೂಳು ಕೊಡವಿಕೊಂಡಳು. ಅವಳು ಕೆಲಸಕ್ಕೆ ಸೇರಿದ ವರ್ಷ ಒಬ್ಬ ಮುಂಗೋಪಿ ಮೇಲ್ವಿಚಾರಕರಿದ್ದರು. ನಿವೃತ್ತಿಗೆ ಎಂಟು ತಿಂಗಳಿತ್ತು. ಅವರು ಹೇಳಿದ್ದರು: ನಮ್ಮ ಕಾಲದಲ್ಲಿ ಒಂದೊಂದು ಬೆಂಚ್‌ಮಾರ್ಕಿಗೂ ಎರಡೆರಡು ಸಾಕ್ಷಿ ಬಿಲ್ಲೆ ನೆಡುತ್ತಿದ್ದೆವು. ಅಸಲಿ ಕಳೆದುಹೋದರೆ ಹುಡುಕಿಕೊಡಲಿ ಅಂತ. ಅದೇ ನಂಬರು, ಅದೇ ವರ್ಷ, ಜೊತೆಗೆ ಅಸಲಿಯ ಕಡೆಗೆ ಒಂದು ಬಾಣ. ಸಾಕ್ಷಿಗೆ ಗುಬುಟು ಇರುವುದಿಲ್ಲ, ಯಾಕೆಂದರೆ ಅದರ ಎತ್ತರ ಯಾರೂ ಅಳೆಯುವುದಿಲ್ಲ. ಅವಳು ಸೇರುವ ಹೊತ್ತಿಗೆ ಆ ಪದ್ಧತಿ ನಿಂತು ಎಷ್ಟೋ ವರ್ಷವಾಗಿತ್ತು. ಕಚೇರಿಯಲ್ಲಿ ಈಗಿರುವ ಯಾರೂ ಸಾಕ್ಷಿ ಬಿಲ್ಲೆಯನ್ನು ಕಂಡವರಲ್ಲ. ಅವಳೂ ಅದರ ಬಗ್ಗೆ ಕೇಳಿದ್ದಳೇ ಹೊರತು ಕಂಡಿರಲಿಲ್ಲ. ಅಸಲಿಯ ಎತ್ತರವನ್ನು ಎಂಜಿನಿಯರು ಸಾಕ್ಷಿಗೆ ಕೊಟ್ಟುಬಿಟ್ಟಿದ್ದ. ಬೇರೆ ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು.

"ಹಾಗಾದ್ರೆ ಅಸಲಿ ಎಲ್ಲಿ?" ಎಂದ ಕಂಬಣ್ಣ.

"ಬಾಣದ ಮೇಲೆ. ಒಂದು ಟೇಪಿನೊಳಗೆ. ಎರಡು ಸಲ ಟೇಪು ಹಿಡಿದ್ರೆ ತಪ್ಪು ಸೇರಿಕೊಳ್ಳತ್ತೆ ಅಂತ ಸಾಕ್ಷೀನ ಮೂವತ್ತು ಮೀಟರಿಗಿಂತ ಆಚೆ ನೆಡ್ತಾ ಇರಲಿಲ್ಲ."

ಎಂಜಿನಿಯರು ಬಾಣದ ನೇರಕ್ಕೆ ಕಣ್ಣು ಹಾಯಿಸಿದ. ಬೀದಿ ದಾಟಿ ಹದಿನೈದು, ಹದಿನಾರು, ಹದಿನೇಳನೇ ಮನೆಗಳು. ಅವನ ಹುಬ್ಬು ಮೇಲೇರಿತು.

"ನಿಮ್ಮ ತಂಗಿ ಮನೆ ಯಾವ್ದು ಅಂದ್ರಿ?"

"ಹತ್ತೊಂಬತ್ತು. ಬಾಣ ಹಿಡಿದೇ ಬನ್ನಿ, ನನ್ನ ಹಿಂದೆ ಬರಬೇಡಿ."

ಅವನು ನಿಜವಾಗಿಯೂ ದಿಕ್ಸೂಚಿ ತೆಗೆದು, ದಾರ ಕಟ್ಟಿಸಿ, ಬಾಣದ ನೇರವನ್ನು ತಾನೇ ಹಿಡಿದ. ದಾರ ಹೋಗಿ ಹದಿನಾರನೇ ಮನೆಯ ಬಾಗಿಲಿಗೆ ತಾಗಿತು. ಆ ಬಾಗಿಲಿಗೆ ಮೂರು ಬೀಗಗಳಿದ್ದವು.

ಅದು ಬೀಗ ರಿಪೇರಿಯ ಅಜ್ಜನ ಮನೆ. ಎಪ್ಪತ್ತೆಂಟು ವಯಸ್ಸಿನವನು, ಈಗಲೂ ಹಗಲೆಲ್ಲ ಕಿಟಕಿಯ ಬಳಿ ಕೂತು ಅರದಿಂದ ಕೀಲಿ ಉಜ್ಜುತ್ತಿದ್ದ. ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದು ಒಂದು ಕಣ್ಣಿನಿಂದ ನೋಡಿದ.

"ಅಳೆಯೋಕೆ ಬಂದಿರೋರಾ? ಇವತ್ತು ಅಳೀತೀರ, ನಾಳೆ ಕೆಡವೋಕೆ ಬರ್ತೀರ. ಹೋಗಿ ಹೋಗಿ."

"ಅಜ್ಜಾ, ಕೆಡವಬಾರದು ಅಂತಾನೇ..."

"ಗುರುತಿನ ಚೀಟಿ ತೋರ್ಸು."

ತೋರಿಸಿದಳು. ಅವನು ಭೂತಗನ್ನಡಿ ತಂದು ಚೀಟಿಯ ಸೀಲು ನೋಡಿದ, ತಿರುಗಿಸಿ ಹಿಂಬದಿಯನ್ನೂ ಓದಿದ. ಫೋಟೋ ನೋಡಿ, ಮುಖ ನೋಡಿ, ಮತ್ತೆ ಫೋಟೋ ನೋಡಿದ. ಕಚೇರಿಯ ಫೋನ್ ನಂಬರು ಕೇಳಿದ. ಅವಳು ಹೇಳಿದ್ದಕ್ಕೆ ಮಾಡದೆ, ಹಳೆಯ ಡೈರಿಯಲ್ಲಿ ತಾನೇ ಹುಡುಕಿ ತೆಗೆದ ನಂಬರಿಗೆ ಮಾಡಿದ. "ನಿಮ್ಮಲ್ಲಿ ಕುಳ್ಳಗೆ, ಕನ್ನಡಕ ಹಾಕ್ಕೊಂಡು, ಎಲ್ಲದಕ್ಕೂ ಪುರಾವೆ ಕೇಳೋ ಹೆಂಗಸು ಒಬ್ಬಳು ಇದಾಳಾ?" ಎಂದು ವಿಚಾರಿಸಿದ. ಆ ಕಡೆಯವರು ಏನಂದರೋ, ಅಜ್ಜನ ಬಾಯಂಚು ಸ್ವಲ್ಪ ಸಡಿಲವಾಯಿತು.

ಅನುಮಾನಕ್ಕನಿಗೆ ಒಳಗೊಳಗೇ ಖುಷಿ. ಇಷ್ಟು ವರ್ಷದಲ್ಲಿ ಯಾರೊಬ್ಬರೂ ಅವಳ ಗುರುತಿನ ಚೀಟಿಯನ್ನು ತಿರುಗಿಸಿ ಹಿಂಬದಿ ಓದಿರಲಿಲ್ಲ.

"ಅಜ್ಜಾ, ನಿಮ್ಮ ಮನೇಲಿ ಒಂದು ಹಿತ್ತಾಳೆ ಬಿಲ್ಲೆ ಇದೆ," ಎಂದಳು.

"ಇಲ್ಲ."

"ಇಲ್ಲ ಅಂತ ಎಷ್ಟು ಬೇಗ ಹೇಳಿದ್ರಿ!" ಎಂದ ಕಂಬಣ್ಣ. "ಇಲ್ಲದೆ ಇರೋರು 'ಯಾವ ಬಿಲ್ಲೆ' ಅಂತಾರೆ."

ಅಜ್ಜ ಅವನನ್ನು ಸುಟ್ಟುಬಿಡುವ ಹಾಗೆ ನೋಡಿದ. ಆಮೇಲೆ ನಿಧಾನಕ್ಕೆ ವಿಷಯ ಹೊರಬಂತು. ಈ ಮೂರು ಮನೆಗಳು ಮೊದಲು ಪಂಪ್‌ಹೌಸಿನ ಉಗ್ರಾಣವಾಗಿದ್ದವು. ಹರಾಜಿನಲ್ಲಿ ಕೊಂಡು ಅಡ್ಡಗೋಡೆ ಹಾಕಿಕೊಂಡರು. ಅಜ್ಜ ಹಿತ್ತಿಲ ಕಡೆಗೆ ಒಂದು ಕೋಣೆ ಎತ್ತಿದಾಗ, ಉಗ್ರಾಣದ ಹೊರಗೋಡೆಯ ಬುಡದಲ್ಲಿ ಚಾಚಿಕೊಂಡಿದ್ದ ಜಗತಿ ಕೋಣೆಯೊಳಕ್ಕೆ ಬಂತು. ಜಗತಿಯ ಅಂಚಿನಲ್ಲಿ ಬಿಲ್ಲೆ. ಸರ್ಕಾರದ ಮುದ್ರೆ ಇರುವ ಗೋಡೆ ಸರ್ಕಾರದ್ದೇ ಎಂದು ಯಾರೋ ಹೆದರಿಸಿದರು. ಅಂದಿನಿಂದ ಮೂವತ್ತೈದು ವರ್ಷ ಅದರ ಮುಂದೆ ಕೀಲಿಗಳ ಬೀರು ನಿಂತಿತ್ತು. ಹೆಂಡತಿಗೂ ಹೇಳಿರಲಿಲ್ಲ.

"ಬಿಲ್ಲೆ ಇದ್ದ ಮಾತ್ರಕ್ಕೆ ಮನೆ ಸರ್ಕಾರದ್ದಾಗಲ್ಲ," ಎಂದಳು. "ಬರೆದು ಕೊಡ್ತೀನಿ."

"ನೀನು ಬರೆದ್ರೆ ಯಾರು ನಂಬ್ತಾರೆ? ಇವನೂ ಸಹಿ ಹಾಕಲಿ," ಎಂದು ಎಂಜಿನಿಯರನ್ನು ತೋರಿಸಿದ. "ಆ ಉದ್ದ ಮನುಷ್ಯನೂ ಹಾಕಲಿ. ಇಂಕು ಒಣಗೋವರೆಗೆ ಯಾರೂ ಒಳಗೆ ಬರಬೇಡಿ."

ಶಾಯಿ ಒಣಗುವವರೆಗೆ ಮೂವರೂ ಹೊರಗೆ ನಿಂತರು.

ಬೀರು ಸರಿಸಲು ಅರ್ಧ ಗಂಟೆ ಹಿಡಿಯಿತು. ಹಿಂದೆ ಜೇಡರ ಬಲೆ, ಎರಡು ತುಕ್ಕು ಹಿಡಿದ ಕೀಲಿ, ಜಗತಿಯ ಮೇಲೆ ಹಸಿರು ಎಣ್ಣೆಬಣ್ಣ ಬಳಿಸಿಕೊಂಡ ಒಂದು ದುಂಡನೆಯ ಗಡ್ಡೆ. ಎಂಜಿನಿಯರು ಜೇಬಿನಿಂದ ಚಾಕು ತೆಗೆದ. "ಲೋಹ ತಾಗಿಸಬೇಡಿ!" ಎಂದು ಅವಳು ಗದರಿದ ರಭಸಕ್ಕೆ ಅಜ್ಜನೂ ಬೆಚ್ಚಿದ. ಬಣ್ಣ ಕರಗುವ ಎಣ್ಣೆ ಹಾಕಿ, ಮರದ ಕಡ್ಡಿಯಿಂದ, ಬಟ್ಟೆಯಿಂದ, ತಾನೇ ಬಿಡಿಸಿದಳು. 47. 1963. ನಡುವೆ ಗುಬುಟು, ನೆತ್ತಿಯಲ್ಲಿ ಇನ್ನೂ ಹೊಳಪು. ಪಂಪ್‌ಹೌಸಿನ ಮೆಟ್ಟಿಲಿನಿಂದ ಇಪ್ಪತ್ತಾರು ಮೀಟರ್ ನಲವತ್ತು ಸೆಂಟಿಮೀಟರ್.

"ಮೂವತ್ತೈದು ವರ್ಷ ನಮ್ಮನ್ನ ಉಳಿಸೋದನ್ನೇ ಬಚ್ಚಿಟ್ಟುಕೊಂಡಿದ್ದೆನಾ?" ಅಜ್ಜ ಕೇಳಿದ.

"ಇನ್ನೂ ಗೊತ್ತಿಲ್ಲ," ಎಂದಳು. ಇದೂ ಅಲುಗಿರಬಹುದಲ್ಲ.

ಮರುದಿನ ಸೇತುವೆಯ ನಲವತ್ತಾರರಿಂದ ಅಜ್ಜನ ಕೋಣೆಯವರೆಗೆ ಮಟ್ಟ ನಡೆಸಿದರು. ಅದರ ಮಾರನೆಯ ದಿನ ಅಲ್ಲಿಂದ ವಾಪಸು. ಅವಳು ಓದಿದ್ದನ್ನು ಎಂಜಿನಿಯರು ಮತ್ತೆ ಓದಿದ. ಇಬ್ಬರೂ ತಮ್ಮ ತಮ್ಮ ಪುಸ್ತಕದಲ್ಲಿ, ಒಬ್ಬರಿಗೊಬ್ಬರು ಬೆನ್ನು ಮಾಡಿ ಬರೆದುಕೊಂಡರು. ಲೆಕ್ಕ ಮುಗಿದಾಗ ನಲವತ್ತಾರು ಹೇಳಿದ ಎತ್ತರಕ್ಕೂ ರಿಜಿಸ್ಟರಿನ ಎತ್ತರಕ್ಕೂ ಇದ್ದ ವ್ಯತ್ಯಾಸ ಎರಡು ಮಿಲಿಮೀಟರ್. ಒಂದೂವರೆ ಕಿಲೋಮೀಟರಿಗೆ ಎರಡು ಮಿಲಿಮೀಟರ್ ಎಂದರೆ ಇಲಾಖೆ ಒಪ್ಪುವುದಿರಲಿ, ಹಳೆಯ ಮೇಲ್ವಿಚಾರಕರೂ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಮೆಟ್ಟಿಲಿನ ಸಾಕ್ಷಿ ಅಸಲಿಗಿಂತ 376 ಮಿಲಿಮೀಟರ್ ಮೇಲಿತ್ತು. ಕಂಪನಿಯ ವರದಿಯ ಪ್ರತಿ ಹೊಸ್ತಿಲೂ ಅಷ್ಟು ಮೇಲೇರಬೇಕು.

ಸುದ್ದಿ ಬೀದಿಗೆ ಹೇಗೆ ಗೊತ್ತಾಯಿತೋ. ಕಂಬಣ್ಣ ತಾನಲ್ಲ ಎಂದು ಆಣೆ ಮಾಡಿದ. ಅದನ್ನು ಯಾರೂ ಕೇಳಿರಲಿಲ್ಲ. ಅಂತೂ ಹೊಸ್ತಿಲುಗಳನ್ನು ಮತ್ತೆ ಅಳೆಯಲು ಹೋದ ದಿನ, ಹದಿನೈದು ದಿನದಿಂದ ಮುಖ ತಿರುಗಿಸುತ್ತಿದ್ದವರೆಲ್ಲ ಕುರ್ಚಿ ಹಾಕಿದರು. ಅವಳು ಎಲ್ಲೂ ಕೂರಲಿಲ್ಲ. ಒಂದರಿಂದ ಹದಿನೆಂಟರವರೆಗೆ ಎಲ್ಲ ಮನೆಯೂ ಗೆರೆಯ ಮೇಲೆ.

ಹತ್ತೊಂಬತ್ತರ ಬಾಗಿಲಲ್ಲಿ ತಂಗಿ ನಿಂತಿದ್ದಳು.

"ಬಾರಕ್ಕ. ಈ ಹದಿನೈದು ದಿನ ನಮ್ಮ ಮನೆ ಕಡೆ ತಲೆನೂ ಹಾಕಲಿಲ್ಲ."

"ಹಾಕಬಾರದು. ಪಕ್ಕಕ್ಕೆ ಸರಿ, ಕೋಲಿಗೆ ಜಾಗ ಬೇಕು."

ಆ ಮನೆಗೆ ಹೊಸ್ತಿಲ ಕಲ್ಲಿರಲಿಲ್ಲ. ಐದು ವರ್ಷದ ಹಿಂದೆ ಇಬ್ಬರ ತಾಯಿ ಗಾಲಿಕುರ್ಚಿಗೆ ಬಂದಾಗ, ಒಳಗೂ ಹೊರಗೂ ಎತ್ತಿ ಇಳಿಸುವ ಕಷ್ಟ ನೋಡಿ, ಆ ಕಲ್ಲನ್ನು ತೆಗೆಸಿ ಇಳಿಜಾರು ಮಾಡಿಸಿದ್ದು ಅಕ್ಕನೇ. ಹನ್ನೆರಡಕ್ಕೆ ಒಂದರ ಇಳಿಜಾರು. ಗಾರೆಯವನ ಪಕ್ಕ ಕೂತು ಮಟ್ಟಪಟ್ಟಿ ಹಿಡಿದು ಮಾಡಿಸಿದ್ದಳು. ತಾಯಿ ಎರಡು ವರ್ಷ ಆ ಬಾಗಿಲಲ್ಲಿ ಸಲೀಸಾಗಿ ಓಡಾಡಿಕೊಂಡಿದ್ದು ಹೋದಳು. ಕಲ್ಲಿನ ದಪ್ಪ ನಲವತ್ತು ಮಿಲಿಮೀಟರ್.

ಕಂಬಣ್ಣ ಬಾಗಿಲ ನಡುವೆ ಕೋಲು ನಿಲ್ಲಿಸಿದ. ಅವಳು ದುರ್ಬೀನಿನಲ್ಲಿ ನೋಡಿದಳು. ಬರೆದುಕೊಂಡಳು. ಕಳೆದಳು. ಮತ್ತೆ ನೋಡಿದಳು.

"ಕೋಲು ನೇರ ಇದೆಯಾ?"

"ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕೇಳ್ತಾ ಇದೀರಿ ಮೇಡಂ."

"ಇದೆಯಾ?"

"ಇದೆ."

ಯಂತ್ರ ಎತ್ತಿ, ಬೇರೆ ಜಾಗದಲ್ಲಿ ನಿಲ್ಲಿಸಿ, ಮೊದಲಿಂದ ಓದಿದಳು. ಮೂರನೇ ಸಲವೂ ಓದಿದಳು. ಮೂರೂ ಒಂದೇ.

ಎಂಜಿನಿಯರೂ ಓದಿದ. ಪುಸ್ತಕ ಮುಚ್ಚಿ ಅವಳ ಪಕ್ಕಕ್ಕೆ ಬಂದು, ತಂಗಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದ: "ಮೇಡಂ, ಬಾಗಿಲ ಆ ಮೂಲೆ ಸ್ವಲ್ಪ ಎತ್ತರ ಇದೆ. ಕೋಲು ಒಂದು ಗೇಣು ಆಚೆ ಇಟ್ರೆ ಪಾಸಾಗತ್ತೆ. ನಾನೂ ಅದನ್ನೇ ಬರ್ಕೋತೀನಿ. ಇಡೀ ಬೀದೀನ ಕೆಡವಿಸೋಕೆ ಹೊರಟಿದ್ದೆ ನಾನು. ಒಂದು ಮನೆ ಅಷ್ಟೇ ಅಲ್ವಾ."

ಅವಳು ಅವನ ಮುಖ ನೋಡಿದಳು. ಇದು ಬಲೆಯೋ, ಒಳ್ಳೆಯತನವೋ? ನಾಳೆ ಸಮಿತಿಯ ಮುಂದೆ "ತಂಗಿ ಮನೆಗೆ ಕೋಲು ಸರಿಸಿದಳು" ಎಂದು ಎದ್ದು ನಿಂತರೆ ಇಪ್ಪತ್ತಮೂರು ಮನೆಯ ಅಳತೆಯೂ ಬಿದ್ದುಹೋಗುತ್ತದೆ. ಅವನ ಕಣ್ಣಿನಲ್ಲಿ ಮೋಸ ಕಾಣಲಿಲ್ಲ. ಕಾಣಲಿಲ್ಲ ಎಂಬುದು ಪುರಾವೆಯಲ್ಲ. ಒಳ್ಳೆಯತನವೇ ಆಗಿದ್ದರೂ ಉತ್ತರ ಬೇರೆಯಾಗುತ್ತಿರಲಿಲ್ಲ ಎಂಬುದು ಒಂದು ಕ್ಷಣ ತಡವಾಗಿ ಅವಳಿಗೆ ಹೊಳೆಯಿತು.

"ಬಾಗಿಲ ನಡುವೆ ಅಂತ ನಿಯಮ," ಎಂದಳು. "ಹದಿನೆಂಟು ಮನೆಗೂ ನಡುವೆ ಇಟ್ಟಿದೀವಿ."

ತಂಗಿ ಚಹಾ ತಂದಿದ್ದಳು. ಅಕ್ಕನ ಮುಖ ನೋಡಿ ತಟ್ಟೆ ಕೆಳಗಿಟ್ಟಳು.

"ಏನಾಯ್ತಕ್ಕ?"

"ಸಮಿತೀಲಿ ಹೇಳ್ತೀನಿ."

"ಬೇರೆಯೋರಿಗೆಲ್ಲ ಇಲ್ಲೇ ಹೇಳಿದೆ ಅಂತೆ?"

"ಅವರು ನನ್ನ ತಂಗಿ ಅಲ್ಲ."

ಉಳಿದ ನಾಲ್ಕು ಮನೆಗಳೂ ಗೆರೆಯ ಮೇಲಿದ್ದವು.

ಇಪ್ಪತ್ತೆರಡನೇ ತಾರೀಕು ಹನ್ನೊಂದು ಗಂಟೆಗೆ ಸಮಿತಿ ಕೂತಿತು. ಉದ್ದನೆಯ ಮೇಜು, ಕಿರುಗುಟ್ಟುವ ಫ್ಯಾನು, ಹಿಂದಿನ ಬೆಂಚುಗಳ ತುಂಬ ಕಾಲುವೆ ಬೀದಿಯ ಜನ. ಬೀಗದ ಅಜ್ಜ ಸಹಿ ಮಾಡಿಸಿಕೊಂಡ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದ. ಎಂಜಿನಿಯರು ಎದ್ದು ತನ್ನ ವರದಿ ತಪ್ಪು, ಸಾಕ್ಷಿ ಬಿಲ್ಲೆಯನ್ನು ಅಸಲಿ ಎಂದು ತಿಳಿದೆ ಎಂದು ಎರಡೇ ವಾಕ್ಯದಲ್ಲಿ ಒಪ್ಪಿಕೊಂಡ. ಬಲೆಯಲ್ಲ, ಒಳ್ಳೆಯತನವೇ ಇರಬೇಕು ಎಂದು ಅವಳು ಆಗ ತೀರ್ಮಾನಿಸಿದಳು, ಪೂರ್ತಿಯಾಗಿ ಅಲ್ಲ.

ಅಧ್ಯಕ್ಷರ ಬಲಕ್ಕೆ ಕೂತಿದ್ದ ಸದಸ್ಯರೊಬ್ಬರು ಕೇಳಿದರು: "ಈ ಅಳತೆ ಮಾಡಿದವರ ಸ್ವಂತ ತಂಗಿ ಇದೇ ಬೀದೀಲಿದಾರಂತೆ? ಅಸಲಿ ಬಿಲ್ಲೆ ಅವರ ಕೈಗೇ ಸಿಕ್ಕಿದ್ದು ಸ್ವಲ್ಪ ಅನುಕೂಲವಾಯ್ತಲ್ವಾ?"

ಸಾಹೇಬರು ಅವಳ ಕಾಗದವನ್ನು ತೋರಿಸಲು ಎದ್ದರು. ಅವಳು ಕೈಸನ್ನೆಯಿಂದ ಕೂರಿಸಿದಳು. "ಪ್ರಶ್ನೆ ಸರಿಯಾಗಿದೆ ಸಾರ್. ಒಂದೊಂದೇ ಮನೆ ಓದ್ತೀನಿ. ಆಮೇಲೆ ಕೇಳಿ."

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಬೀದಿ ಉಳಿಯಿತು. ಪಟ್ಟಿಯಲ್ಲಿ ಒಂದೇ ಮನೆ ನಿಂತಿತು. ಒಂದೇ ಆದ್ದರಿಂದ ಕೆಡವುವ ಬದಲು ಆರು ತಿಂಗಳಲ್ಲಿ ನೆಲ ಎತ್ತರಿಸಿಕೊಳ್ಳಲು ಸಮಿತಿ ಅವಕಾಶ ಕೊಟ್ಟಿತು. ಹೊಸ್ತಿಲ ಕಲ್ಲನ್ನಷ್ಟೇ ಮತ್ತೆ ಕೂರಿಸಿದರೆ ಸಾಲದು ಎಂದದ್ದರಿಂದ ಇಡೀ ಮನೆಯ ನೆಲ ಅಗೆದು ಒಂದು ವರಸೆ ಇಟ್ಟಿಗೆ ಏರಿಸಬೇಕಾಯಿತು. ತಂಗಿಯ ಸಂಸಾರ ನಾಲ್ಕು ತಿಂಗಳು ಗಂಡನ ಅಣ್ಣನ ಮನೆಯ ಮಹಡಿಯಲ್ಲಿ ಕಳೆಯಿತು. ತಂಗಿ ಅಕ್ಕನ ಜೊತೆ ಒಂದು ವರ್ಷ ಎರಡು ತಿಂಗಳು ಮಾತು ಬಿಟ್ಟಳು. ಮತ್ತೆ ಮಾತಾಡಿದ ದಿನವೂ ಆಡಿದ ಮೊದಲ ಮಾತು, "ಹೊಸ ನೆಲ ಮಟ್ಟ ಇದೆಯೋ ಇಲ್ವೋ ಬಂದು ನೋಡು, ಗಾರೆಯೋನ ಮೇಲೆ ನಂಗೆ ನಂಬಿಕೆ ಇಲ್ಲ," ಎಂಬುದು. ಅಕ್ಕ ಮಟ್ಟಪಟ್ಟಿ ಹಿಡಿದು ಹೋದಳು. ಬೀಗದ ಅಜ್ಜ ಜಗತಿಯ ಬಿಲ್ಲೆಗೊಂದು ಮುಚ್ಚಳ ಮಾಡಿ, ಬೀಗ ಹಾಕಿ, ಎರಡು ಕೀಲಿಯಲ್ಲಿ ಒಂದನ್ನು ರಸೀದಿ ಪಡೆದು ಕಚೇರಿಗೆ ಕೊಟ್ಟ.

ಸಮಿತಿಯ ಆ ಬೆಳಗ್ಗೆ ಮಾತ್ರ ಇದೊಂದೂ ಅವಳಿಗೆ ಗೊತ್ತಿರಲಿಲ್ಲ. ಒಂದರಿಂದ ಓದುತ್ತ ಹೋದಳು. ಪ್ರತಿ ಅಂಕಿಗೂ ಹಿಂದಿನ ಬೆಂಚಿನಲ್ಲಿ ಯಾರೋ ಉಸಿರು ಬಿಡುತ್ತಿದ್ದರು. ಹದಿನೆಂಟು ಮುಗಿದಾಗ ನೀರು ಕುಡಿದಳು. ತಂಗಿ ಎರಡನೇ ಸಾಲಿನಲ್ಲಿ, ಗಂಡನ ಪಕ್ಕ, ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು.

"ಹತ್ತೊಂಬತ್ತು?" ಎಂದರು ಅಧ್ಯಕ್ಷರು.

ಅವಳು ಪುಸ್ತಕ ನೋಡಲಿಲ್ಲ. ತಂಗಿಯನ್ನೇ ನೋಡುತ್ತ, ಹಿಂದಿನ ಬೆಂಚಿಗೂ ಕೇಳುವ ಹಾಗೆ ಹೇಳಿದಳು:

"ಹನ್ನೊಂದು ಪಾಯಿಂಟ್ ಎಂಟು ಎಂಟು ಒಂಬತ್ತು. ಗೆರೆಗಿಂತ ಹನ್ನೊಂದು ಮಿಲಿಮೀಟರ್ ಕೆಳಗೆ."